ಜಿನಗೊಂಡರ ವಿದೇಶಿ ತ್ಯಾಗ

ಇಚಲಕರಂಜಿಯಲ್ಲಿ ಜಿನಗೊಂಡ ಮಗದುಮ್ಮರನ್ನು ಊಟಕ್ಕೆ ಕರೆಯುವುದೆಂದರೆ ಆ ಮನೆಯ ಹೆಂಗಸರಿಗೆ ಎದೆ ಢವಢವ. ಕರೆಯದಿದ್ದರೆ ಅವರಿಗೆ ಸಿಟ್ಟು. ಕರೆದರೆ ತಾಟಿಗೆ ಹೆಸರಿಡದೆ, ಒಂದಾದರೂ ಕೊರತೆ ಎತ್ತಿ ಆಡದೆ ಅವರು ಏಳುವವರಲ್ಲ. ಹೋಳಿಗೆಯ ಹೂರಣ ಸಡಿಲಾಯಿತು, ಕಟ್ಟಿನ ಸಾರಿಗೆ ಒಗ್ಗರಣೆ ಸೀದಿತು, ಬದನೆಕಾಯಿಯಲ್ಲಿ ಗುರೆಳ್ಳು ಮುಂದಾಗಿ ಉಪ್ಪು ಹಿಂದಾಯಿತು, ಹೀಗೆ ಏನಾದರೊಂದು. ಏನೂ ಸಿಗದಿದ್ದರೆ ಕುಡಿಯುವ ನೀರಾದರೂ ಸಪ್ಪಗಿರಬೇಕು. ಇದು ಹುಟ್ಟಿನಿಂದಲೇ ತಮ್ಮ ನಾಲಿಗೆಗೆ ಬಂದ ಬುದ್ಧಿ ಎಂದು ಅವರು ಬಲವಾಗಿ ನಂಬಿದ್ದರು. ಹೆಂಡತಿ ಜಿನಮತಿಯದು ಬೇರೆ ಲೆಕ್ಕ. "ಬುದ್ಧಿ ಎಲ್ಲಾ ನಾಲಿಗಿಗೆ ಹೋತು. ಅದಕ್ಕ ತಲಿಯೊಳಗ ಜಾಗಾ ಖಾಲಿ ಉಳದೇತಿ" ಎಂದು ಆಕೆ ನೆಂಟರ ಮುಂದೆಯೇ ಹೇಳುತ್ತಿದ್ದರು.

ಆ ಖಾಲಿ ಜಾಗದಲ್ಲಿ ಹುಟ್ಟಿದ ಒಂದು ಉಪಾಯದ ಕಥೆ ಇದು. ಈಗ ಬಸದಿಯ ಕಟ್ಟೆಯ ಮೇಲೆ ಕುಳಿತು ಜಿನಗೊಂಡರೇ ಇದನ್ನು ಹೇಳುತ್ತಾರೆ, ಮತ್ತು ಕೇಳುವವರಿಗಿಂತ ಮೊದಲು ತಾವೇ ನಗುತ್ತಾರೆ. ಆಗ ಮಾತ್ರ ನಗು ಬಂದಿರಲಿಲ್ಲ.

ಒಂದು ವರ್ಷ ಒಬ್ಬ ಮುನಿ ಮಹಾರಾಜರು ಚಾತುರ್ಮಾಸಕ್ಕೆ ಊರಲ್ಲಿ ನಿಂತಿದ್ದರು. ಮಳೆಗಾಲದ ಆ ನಾಲ್ಕು ತಿಂಗಳು ಮುನಿಗಳು ಅಲೆದಾಡುವುದಿಲ್ಲ. ದಿನಾ ಪ್ರವಚನ, ಪ್ರವಚನದ ಕೊನೆಗೆ ಗೃಹಸ್ಥರಾದ ಶ್ರಾವಕರು ಒಬ್ಬೊಬ್ಬರಾಗಿ ಮುಂದೆ ಬಂದು ಏನಾದರೊಂದನ್ನು ಬಿಡುವ ನೇಮ ಹಿಡಿಯುವುದು. ಗಡ್ಡೆಗೆಣಸು, ಉಳ್ಳಾಗಡ್ಡಿ, ಬಳ್ಳೊಳ್ಳಿ, ಹೊತ್ತು ಮುಳುಗಿದ ಮೇಲಿನ ಊಟ, ಇವನ್ನೆಲ್ಲ ಜಿನಗೊಂಡರ ಮನೆಯಲ್ಲಿ ಅಜ್ಜನ ಕಾಲಕ್ಕೇ ಬಿಟ್ಟಾಗಿತ್ತು. ಮಹಾರಾಜರು ಹೇಳಿದ್ದು, ನಿಮ್ಮ ಮನಸ್ಸು ಹರಿಯುವಂಥದ್ದು ಇನ್ನೊಂದನ್ನು ಬಿಡಿ ಎಂದು. ಜಿನಗೊಂಡರ ಗೆಳೆಯ, ಕೊರೋಚಿಯ ಮಗ್ಗದ ಮಾಲೀಕ ಕಾಕಾಸಾಹೇಬರು ಆವೇಶದಲ್ಲಿ ಎದ್ದುಹೋಗಿ ಜೀವಮಾನಕ್ಕೆ ಬದನೆಕಾಯಿ ಬಿಟ್ಟು ಬಂದರು. ಬಂದು ಕೂತವರ ಮುಖ ನೋಡಿದರೆ ಯಾರೋ ಸತ್ತಂತಿತ್ತು. ಎಣ್ಣೆಗಾಯಿ ಇಲ್ಲದೆ ಆ ಮನುಷ್ಯ ರೊಟ್ಟಿ ಮುರಿದವರೇ ಅಲ್ಲ.

ಜಿನಗೊಂಡರು ಅದನ್ನು ನೋಡಿದರು, ಯೋಚಿಸಿದರು. ಪುಣ್ಯವೂ ಬೇಕು, ಬದನೆಕಾಯಿಯೂ ಬೇಕು. ಅವರ ಸರದಿ ಬಂದಾಗ ತೆಂಗಿನಕಾಯಿ ಇಟ್ಟು, ಕೈಮುಗಿದು, ಇಡೀ ಮಂಟಪಕ್ಕೆ ಕೇಳುವ ಹಾಗೆ ಹೇಳಿದರು: "ಮಹಾರಾಜ, ಇವತ್ತಿನಿಂದ ನನಗ ವಿದೇಶಿ ಊಟ ಎಲ್ಲಾ ತ್ಯಾಗ. ಸಮುದ್ರದ ಆಚಿಕಡೆ ಹುಟ್ಟಿದ ಯಾವ ತಿನಸೂ ಜೀವ ಇರೂತನಕ ಬಾಯಿಗೆ ಹಾಕಾಂಗಿಲ್ಲ."

ಮಂಟಪದಲ್ಲಿ ಜಯಘೋಷವಾಯಿತು. ಒಂದಲ್ಲ, ಎರಡಲ್ಲ, ಇಡೀ ಪರದೇಶವನ್ನೇ ಬಿಟ್ಟ ಮನುಷ್ಯ! ಮಹಾರಾಜರು ಮಾತ್ರ ಒಂದು ಗಳಿಗೆ ಅವರ ಮುಖವನ್ನೇ ನೋಡಿ, ನಕ್ಕು, ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದರು. ಆ ನಗುವಿನ ಅರ್ಥ ಜಿನಗೊಂಡರಿಗೆ ಆಗ ಹೊಳೆಯಲಿಲ್ಲ. ಬಸ್ ಸ್ಟ್ಯಾಂಡಿನ ಚೈನೀಸ್ ಗಾಡಿಯ ನೂಡಲ್ಸನ್ನು ಅವರು ಮೊದಲೂ ಮುಟ್ಟಿದವರಲ್ಲ. ಪಿಜ್ಜಾ ನೋಡಿದರೆ, ರೊಟ್ಟಿಯ ಮೇಲೆ ಯಾರೋ ಪಲ್ಯ ಚೆಲ್ಲಿದ್ದಾರೆ ಎನ್ನುತ್ತಿದ್ದರು. ಅಂದು ಸಂಜೆಯ ಬೆಳಕಿನಲ್ಲಿ ಅವರು ಎಂದಿನಂತೆ ಎಣ್ಣೆಗಾಯಿ ಉಂಡು, ಎಂದಿನಂತೆ ಅದಕ್ಕೆ ಹೆಸರಿಟ್ಟರು. ಬಸದಿಯಲ್ಲಿ ಮುಂದಿನ ಸಾಲಿನ ಜಾಗ ಅವರಿಗೆ ಕಾಯಂ ಆಯಿತು.

ಆಗ ಮಗಳು ಮೃಣಾಲ ಊರಲ್ಲಿರಲಿಲ್ಲ. ಕೊಲ್ಹಾಪುರದಲ್ಲಿ ಅಡುಗೆಯ ಕೋರ್ಸು ಮುಗಿಸಿ, ಪ್ರವಾಸಿ ಹಡಗೊಂದರ ಅಡುಗೆಮನೆ ಸೇರಿದ್ದಳು. ಅಲ್ಲಿಯ ಮುಖ್ಯ ಬಾಣಸಿಗ ಪೆರು ದೇಶದವನು, ಆದರೆ ಅವನ ಮುತ್ತಾತ ಚೀನಾದವನು. ಹಿಂದೆ ಕೂಲಿಗೆಂದು ಪೆರುವಿಗೆ ಹೋದ ಚೀನೀಯರು ಅಲ್ಲಿ ಸಿಕ್ಕ ಮೆಣಸಿನಕಾಯಿ, ಟೊಮ್ಯಾಟೊ ಹಾಕಿ ತಮ್ಮ ಅಡುಗೆಯನ್ನೇ ಮಾಡಿಕೊಂಡು ಉಂಡರು. ಎರಡೂ ಕೂಡಿ ಮೂರನೆಯದೊಂದು ರುಚಿ ಹುಟ್ಟಿತು, ಅದಕ್ಕೆ ಆ ಊರಲ್ಲಿ ಚಿಫಾ ಎನ್ನುತ್ತಾರೆ. ಮೃಣಾಲ ಆ ವಿದ್ಯೆಯನ್ನು ಅವನಿಂದ ಕಲಿತು, ಹತ್ತು ವರ್ಷದ ಮೇಲೆ ಒಂದು ದಿನ ಹಡಗಿಳಿದು ಮನೆಗೆ ಬಂದು, ಇಲ್ಲೇ ಚಿಫಾ ಹೋಟೆಲು ತೆರೆಯುತ್ತೇನೆ ಎಂದಳು.

ಜಿನಗೊಂಡರಿಗೆ ಇದರ ತಲೆಬುಡ ತಿಳಿಯಲಿಲ್ಲ. ಆದರೂ ಮಗಳು ಮನೆಗೆ ಬಂದಳಲ್ಲ ಎಂಬ ಸಂತೋಷಕ್ಕೆ, ಹಳೆಯ ಮಗ್ಗಗಳನ್ನು ಗುಜರಿಗೆ ಹಾಕಿ ಖಾಲಿ ಬಿದ್ದಿದ್ದ ಶೆಡ್ಡನ್ನು ಬಿಟ್ಟುಕೊಟ್ಟರು. ಊರವರು ಕೇಳಿದಾಗ ತಾವೇ ವಿವರಿಸತೊಡಗಿದರು: "ಅದರಾಗ ತಿಳಿಲಾರದ್ದು ಏನೈತಿ? ನಾವು ಮನ್ಯಾಗ ಕನ್ನಡ, ಬಾಜಾರದಾಗ ಮರಾಠಿ ಮಾತಾಡ್ತೇವಿಲ್ಲೋ? ಆ ಚೀನಾದವ್ರೂ ಹಂಗ. ಅವರು ಒಗ್ಗರಣ್ಯಾಗ ಮಾತಾಡ್ಯಾರ, ಇಷ್ಟ ಫರಕು." ಈ ವಿವರಣೆ ಊರಿಗೆಲ್ಲ ಹಿಡಿಸಿತು. ಹೇಳಿದವರಿಗೆ ಮಾತ್ರ, ತಮ್ಮ ಬಾಯಿಗೆ ಆ ಒಗ್ಗರಣೆ ನಿಷಿದ್ಧ ಎಂಬುದು ನಡುರಾತ್ರಿ ನೆನಪಾಗಿ ಬೆವರು ಬರುತ್ತಿತ್ತು. ಮಗಳಿಗೆ ಹೇಳಿಬಿಡಬೇಕು ಎಂದು ಪ್ರತಿದಿನ ಎದ್ದರು, ಪ್ರತಿದಿನ ನಾಳೆ ಹೇಳಿದರಾಯಿತು ಎಂದು ಕೂತರು. ನಾನೇ ಹೇಳುತ್ತೇನೆ ಎಂದು ಹೆಂಡತಿಯ ಬಾಯನ್ನೂ ಕಟ್ಟಿದ್ದರು.

ಮೃಣಾಲಳದು ಅಚ್ಚುಕಟ್ಟು ಕೆಲಸ. ಮಾಂಸ ಮೊಟ್ಟೆಯ ಮಾತೇ ಇಲ್ಲ. ಆಲೂಗಡ್ಡೆಯ ಬದಲು ಬಾಳೆಕಾಯಿ, ಬಾಟಲಿಯ ಸಾಸು ಬಿಟ್ಟು ಹುಣಸೆಹಣ್ಣು, ಬೆಲ್ಲ ಕುದಿಸಿ ಮಾಡಿದ ಕಪ್ಪು ರಸ, ನೀರು ಸೋಸಿದ್ದು. ಮಗ್ಗದಲ್ಲಿ ನೂಲು ಸುತ್ತುತ್ತಿದ್ದ ಶಿವವ್ವ ಈಗ ಇಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಜೈನರು ಹೊತ್ತು ಮುಳುಗುವ ಮೊದಲು ಉಣ್ಣಲೆಂದು ಹೋಟೆಲು ಮಧ್ಯಾಹ್ನ ಇಳಿಯುವಾಗಲೇ ತೆರೆಯುವುದು. ಆರಂಭಕ್ಕೆ ಆಕೆ ಆರಿಸಿದ್ದು ಅಕ್ಷಯ ತೃತೀಯಾ. ಆದಿನಾಥ ತೀರ್ಥಂಕರರು ದೀರ್ಘ ಉಪವಾಸದ ನಂತರ ಕಬ್ಬಿನ ಹಾಲು ಸ್ವೀಕರಿಸಿದ ದಿನ. ಉಣಬಡಿಸುವುದಕ್ಕೆ ಅದಕ್ಕಿಂತ ಒಳ್ಳೆಯ ದಿನ ಯಾವುದಿದೆ?

ಬಸದಿಯ ಜನವೆಲ್ಲ ಬಂದು ಸೇರಿತ್ತು. ಮೃಣಾಲ ನಡುವಿನ ಮೇಜಿಗೆ ಅಪ್ಪನನ್ನು ಕೂಡ್ರಿಸಿ, ಮೊದಲನೆಯ ತಾಟನ್ನು ತಾನೇ ತಂದಿಟ್ಟಳು. ಆಜರೆಯ ಘನಸಾಳ ಅಕ್ಕಿಯ ಚೌಫಾ ಎಂಬ ಹುರಿದ ಅನ್ನ, ದೊಡ್ಡ ಉರಿಯಲ್ಲಿ ಟೊಮ್ಯಾಟೊ ಜೊತೆ ಬಾಡಿಸಿದ ಪನೀರು, ಗರಿಗರಿ ಬಾಳೆಕಾಯಿ, ಬದಿಯಲ್ಲಿ ಹಳದಿ ಮೆಣಸಿನಕಾಯಿಯ ಚಟ್ನಿ. ಹುಣಸೆಯ ವಾಸನೆ ಮೂಗಿಗೆ ಬಡಿದು ಜಿನಗೊಂಡರ ಬಾಯಲ್ಲಿ ನೀರೂರಿತು. ಹೊಟ್ಟೆ ಸರಿಯಿಲ್ಲ ಎನ್ನಲೋ, ಉಪವಾಸ ಎನ್ನಲೋ ಎಂದು ಅವರು ತೂಗಿ ನೋಡುತ್ತಿರುವಾಗಲೇ ಪಕ್ಕದ ಮನೆಯ ರಾಜಮತಿಬಾಯಿ ಗಟ್ಟಿಯಾಗಿ ಕೂಗಿದರು.

"ಅಯ್ಯ, ಏನ್ ಮಾಡಾಕತ್ತೀ ತಂಗೀ! ನಿಮ್ಮಪ್ಪಗ ವಿದೇಶಿ ತ್ಯಾಗ ಐತಲ್ಲ! ಮಹಾರಾಜರ ಮುಂದ ನೇಮ ಹಿಡದಾರ, ಊರಿಗೆಲ್ಲಾ ಗೊತ್ತು!"

ಮೃಣಾಲ ಅಪ್ಪನ ಮುಖ ನೋಡಿದಳು. ಜಿನಗೊಂಡರು ತಾಟಿಗೆ ಕೈಮುಗಿದರು. ಆಕೆ ತಾಟನ್ನು ಎತ್ತಿಕೊಂಡು ಒಳಗೆ ಹೋದಳು. ಕೂಡಿದ್ದ ಜನ ಕಬ್ಬಿನ ಹಾಲು ಕುಡಿದು, ಹೊಟ್ಟೆ ತುಂಬಿತೆಂದು ಹೇಳಿ ಮನೆಗೆ ಹೋದರು.

ಮರುದಿನದಿಂದ ಊರಲ್ಲಿ ಒಂದೇ ಮಾತು. ಸ್ವಂತ ಅಪ್ಪನೇ ಮುಟ್ಟುವುದಿಲ್ಲ ಎಂದರೆ ಒಳಗೆ ಏನು ಹಾಕುತ್ತಾರೋ! ಜೈನರ ಮನೆಗಳಿಂದ ಒಬ್ಬರೂ ಬರಲಿಲ್ಲ. ಜೈನರೇ ಹೋಗದ ಜೈನ ಹೋಟೆಲಿಗೆ ಉಳಿದವರು ಯಾಕೆ ಹೋಗುತ್ತಾರೆ? ಜಿನಗೊಂಡರು ಗಾಬರಿಯಾಗಿ ಮನೆಮನೆಗೆ ಹೋಗಿ, ಅಡುಗೆ ಶುದ್ಧವೇ ಇದೆ, ನನ್ನದು ಬರೀ ನೇಮ ಎಂದು ತಿಳಿಸಿ ಹೇಳಿದರು. ಅದರಿಂದ ಆದದ್ದು ಇನ್ನೊಂದು ಅನಾಹುತ. ಸ್ವಂತ ಮಗಳ ಹೋಟೆಲಿದ್ದರೂ ನೇಮ ಮುರಿಯದ ಮಹಾಪುರುಷ ಎಂದು ಜನ ಅವರ ಕಾಲಿಗೆ ಬೀಳತೊಡಗಿದರು. ರಾಜಮತಿಬಾಯಿಯವರಂತೂ ಅವರಿಂದ ಸ್ಫೂರ್ತಿಗೊಂಡು ತಾವೂ ವಿದೇಶಿ ಊಟ ಬಿಟ್ಟರು. ಆಕೆಯನ್ನು ನೋಡಿ ಭಜನಾ ಮಂಡಳಿಯ ಅರ್ಧ ಹೆಂಗಸರು ಬಿಟ್ಟರು. ಮಗಳಿಗೆ ಗಿರಾಕಿ ತರಲು ಹೋದ ಅಪ್ಪ, ಇದ್ದ ಗಿರಾಕಿಗಳಿಗೂ ಸನ್ಯಾಸ ಕೊಡಿಸಿ ಮನೆಗೆ ಬಂದ.

ಬೇರೆ ರೀತಿಯಿಂದಾದರೂ ನೆರವಾಗೋಣ ಎಂದು ಅವರು ದಿನಾ ಮಧ್ಯಾಹ್ನ ಇಸ್ತ್ರಿ ಮಾಡಿದ ಬಿಳಿ ಪೈಜಾಮ, ಟೋಪಿ ಹಾಕಿಕೊಂಡು ಹೋಟೆಲಿನ ಬಾಗಿಲಲ್ಲಿ ನಿಲ್ಲತೊಡಗಿದರು. ಬಂದ ನಾಲ್ಕು ಜನ ಕೇಳುವುದು ಒಂದೇ: "ಕಾಕಾ, ಏನ್ ಛಲೋ ಐತಿ ಇವತ್ತ?" ಅರವತ್ತು ವರ್ಷ ಉಂಡದ್ದಕ್ಕೆಲ್ಲ ಹೆಸರಿಟ್ಟವರು ಈಗ ಉಣ್ಣದ್ದನ್ನು ಹೊಗಳಬೇಕಾಯಿತು. ವಾಸನೆ ಮೇಲಿಂದ, ಬಣ್ಣದ ಮೇಲಿಂದ, ಉಣ್ಣುವವರ ಹುಬ್ಬಿನ ಮೇಲಿಂದ ಅವರು ರುಚಿ ಊಹಿಸುತ್ತಿದ್ದರು. ಒಂದು ದಿನ ಗೆಳೆತನಕ್ಕೆಂದು ಕಾಕಾಸಾಹೇಬರು ಬಂದಾಗ ಆ ಹಳದಿ ಚಟ್ನಿಯನ್ನು ತೋರಿಸಿ, "ತಗೋರಿ, ಸೀಕರಣಿ ಇದ್ದಂಗ ಐತಿ, ಭಾಳ ತಂಪು" ಎಂದರು. ಬಣ್ಣ ಮಾವಿನ ಹಣ್ಣಿನದೇ ಇತ್ತು. ಕಾಕಾಸಾಹೇಬರು ನಂಬಿ ದೊಡ್ಡ ಚಮಚ ತುಂಬಿ ಬಾಯಿಗೆ ಹಾಕಿಕೊಂಡರು. ಆಮೇಲೆ ಆ ಮನುಷ್ಯ ಬಹಳ ಹೊತ್ತು ಬರೀ ಅತ್ತರು. ದನಿ ಬಂದ ಮೇಲೆ ಹೇಳಿದ ಮೊದಲ ಮಾತು, "ಜಿನಗೊಂಡ, ನೀ ತ್ಯಾಗಾ ಮಾಡಿದ್ದು ಛಲೋನ ಆತು. ನಿನ್ನ ಮಾತು ಕೇಳಿ ಉಂಡವ್ರು ತಾವಾಗೇ ತ್ಯಾಗಾ ಮಾಡ್ತಾರ."

ಅಂದು ಅಡುಗೆಮನೆಯಲ್ಲಿ ಮೃಣಾಲ ಪಾತ್ರೆ ಒರೆಸುತ್ತ ನಿಂತಿದ್ದಳು. ಜಿನಗೊಂಡರು ಒಳಗೆ ಹೋಗಿ, ನಾಳೆಯಿಂದ ಎಲ್ಲ ಸರಿಹೋಗುತ್ತದೆ ಎಂದು ಸುರುಮಾಡಿದರು. ಮಗಳು ಕೈಯಲ್ಲಿನ ಬಟ್ಟೆ ಕೆಳಗಿಟ್ಟಳು.

"ಅಪ್ಪಾ, ಹಡಗಿನವ್ರು ತಿರುಗಿ ಕರ್ಯಾಕತ್ತಾರ. ದೀಪಾವಳಿ ಆದಮ್ಯಾಲೆ ಇದನ್ನ ಮುಚ್ಚಿ ಹೋಗ್ತೇನಿ."

"ಅಷ್ಟ್ಯಾಕ ಅವಸರಾ? ಜನಾ ಬರ್ತಾರ..."

"ಜನದ ಮಾತಲ್ಲ." ಆಕೆ ಅಪ್ಪನ ಕಡೆ ತಿರುಗಿದಳು. "ಹಡಗಿನ್ಯಾಗ ಎಷ್ಟು ದೇಶದವ್ರು ನನ್ನ ಅಡಗಿ ಉಂಡು ಛಲೋ ಐತಿ ಅಂದ್ರು. ನನಗ ಮನಸ್ಸಿಗೆ ಹತ್ತಲಿಲ್ಲ. ಸಣ್ಣಾಕಿ ಇದ್ದಾಗಿಂದ ನಿಮ್ಮ ಮುಂದ ತಾಟ ಇಡ್ತಾ ಬಂದೇನಿ. ಒಂದು ದಿವಸಾನೂ ನೀವು ಛಲೋ ಅಂದಿಲ್ಲ. ನನ್ನ ತಾಟಿನ್ಯಾಗ ಹೆಸರಿಡಾಕ ಏನೂ ಸಿಗಲಿಲ್ಲಂದ್ರ ಸುಮ್ನ ಎದ್ದು ಹೋಗ್ತಿದ್ರಿ. ಈ ಸಲ ಅನ್ನಿಸೇ ತೀರ್ತೇನಿ ಅಂತ ಬಂದೆ. ಅನ್ನೂದು ಹ್ವಾದ್ರ ಹೋಗ್ಲಿ ಅಪ್ಪಾ, ಹೆಸರಿಟ್ಟಿದ್ರೂ ನಡೀತಿತ್ತು. ನೀವು ಕೈ ಮುಗದ್ರಿ."

ಜಿನಗೊಂಡರಿಗೆ ಬಹಳ ಸಂಕಟವಾಯಿತು. ಮೂಲೆಯಲ್ಲಿದ್ದ ಒರೆಸುವ ಬಟ್ಟೆ ಎತ್ತಿಕೊಂಡು, "ನೆಲಾ ಒರಸ್ಲೇನು?" ಎಂದು ಕೇಳಿದರು. ಮಗಳು ಬೇಡವೆಂದಳು.

ಆ ದಿನದಿಂದ ಅವರ ತಲೆಯಲ್ಲಿ ಖಾಲಿ ಜಾಗವೇ ಉಳಿಯಲಿಲ್ಲ. ನೇಮ ಮುರಿದರೆ ಪಾಪ, ಉಳಿಸಿದರೆ ಮಗಳು ಹೋಗುತ್ತಾಳೆ. ಮೊದಲು ಅವರು ವಕೀಲರ ದಾರಿ ಹಿಡಿದರು. ಬಸದಿಯ ಪೂಜಾರಿ ಉಪಾಧ್ಯೆಯವರ ಹತ್ತಿರ ಹೋಗಿ ಕೇಳಿದರು: "ಪಂಡಿತರ, ಅಕ್ಕಿ ಆಜರೇದು, ಹುಣಸಿಹಣ್ಣು ಚಂದಗಡದ್ದು, ಪನೀರು ನಮ್ಮ ಎಮ್ಮಿದು, ಮಾಡಾಕಿ ನನ್ನ ಮಗಳು. ಇದರಾಗ ವಿದೇಶಿ ಎಲ್ಲಿ ಬಂತು?" ಉಪಾಧ್ಯೆಯವರು ಕನ್ನಡಕ ತೆಗೆದು ಹೇಳಿದರು: "ನೇಮ ಅಕ್ಕಿಗೆ ಇರಾಂಗಿಲ್ರಿ, ಹಿಡಿದವರ ಮನಸ್ಸಿಗೆ ಇರತೈತಿ. ಅವತ್ತ ನಿಮ್ಮ ಮನಸ್ಸಿನ್ಯಾಗ ಏನಿತ್ತು, ಅದನ್ನ ಹೇಳ್ರಿ, ಉತ್ತರಾ ಕೊಡ್ತೇನಿ."

ಅವತ್ತು ತಮ್ಮ ಮನಸ್ಸಿನಲ್ಲಿ ಇದ್ದದ್ದು ಎಣ್ಣೆಗಾಯಿ ಎಂದು ಹೇಳಲು ಜಿನಗೊಂಡರಿಗೆ ಬಾಯಿ ಬರಲಿಲ್ಲ. ಇನ್ನೊಮ್ಮೆ ಬರುತ್ತೇನೆ ಎಂದು ಹೇಳಿ ಎದ್ದುಬಂದರು. ಅಷ್ಟರಲ್ಲಿ ಮಳೆಗಾಲ ಬಂತು, ಚಾತುರ್ಮಾಸ ಸುರುವಾಯಿತು. ಅದೇ ಮಹಾರಾಜರು ಈ ವರ್ಷ ಗಡಹಿಂಗ್ಲಜದಲ್ಲಿ ನಿಂತಿದ್ದಾರೆ ಎಂಬ ಸುದ್ದಿ ಬಂದಾಗ ಜಿನಮತಿ ಗಂಡನ ಟೋಪಿ ತಂದು ಕೈಗೆ ಕೊಟ್ಟರು.

"ನಡೀರಿ. ಕೊಟ್ಟವ್ರ ಹತ್ರಾನ ಹೋಗಿ ಕೇಳೂಣ. ಇಲ್ಲಿ ಕೂತು ನಿಟ್ಟುಸಿರು ಬಿಟ್ರ ಮಗಳು ನಿಲ್ಲಾಂಗಿಲ್ಲ" ಎಂದರು.

ಮಗಳಿಗೆ, ಸಂಬಂಧಿಕರೊಬ್ಬರನ್ನು ನೋಡಿ ಬರುತ್ತೇವೆ ಎಂದಷ್ಟೇ ಹೇಳಿ ಇಬ್ಬರೂ ಬೆಳಗ್ಗೆ ಬಾಡಿಗೆ ಕಾರಿನಲ್ಲಿ ಹೊರಟರು. ದಾರಿಯುದ್ದಕ್ಕೂ ಜಿನಗೊಂಡರು ತಮ್ಮ ಭಾಷಣ ಬಾಯಿಪಾಠ ಮಾಡಿದರು. ಅದರಲ್ಲಿ ಪಿತೃಧರ್ಮ, ಸಂಕಲ್ಪ, ವಿಕಲ್ಪ ಎಲ್ಲ ಇತ್ತು. ನಿಪ್ಪಾಣಿ ಬರುವಷ್ಟರಲ್ಲಿ ಅದು ಪ್ರವಚನದಷ್ಟೇ ಉದ್ದವಾಗಿತ್ತು. ಜಿನಮತಿ ನಿದ್ದೆ ಮಾಡಿದಂತೆ ಕಣ್ಣುಮುಚ್ಚಿ ಕೂತಿದ್ದರು.

ಗಡಹಿಂಗ್ಲಜದ ಮಂಟಪ ಜನರಿಂದ ತುಂಬಿತ್ತು, ಹೊರಗೆ ಜಡಿಮಳೆ. ಸರದಿ ಬಂದು ಮಹಾರಾಜರ ಮುಂದೆ ಕೂತು "ನಮೋಸ್ತು" ಎನ್ನುವುದಕ್ಕೂ ಜಿನಗೊಂಡರ ಭಾಷಣವೆಲ್ಲ ಮರೆತುಹೋಗುವುದಕ್ಕೂ ಸರಿಹೋಯಿತು. ಪಿತೃಧರ್ಮ ಎಂದು ಎರಡು ಸಲ ಅಂದು ನಿಂತರು. ಕಡೆಗೆ ಜಿನಮತಿಯೇ ಮಗಳ ಹೋಟೆಲು, ಮೊದಲ ತಾಟು, ಜನರ ಮಾತು ಎಲ್ಲವನ್ನೂ ಚುಟುಕಾಗಿ ಹೇಳಿದರು. ಮಹಾರಾಜರು ಕೇಳಿ, ಜಿನಗೊಂಡರ ಕಡೆ ತಿರುಗಿದರು.

"ಬಿಟ್ಟ ದಿವಸ ನಿನಗ ಏನು ಕಷ್ಟ ಆತಪ್ಪಾ?"

"ಏನೂ ಆಗಲಿಲ್ಲ ಮಹಾರಾಜ. ಸಂತೋಷ ಆತು."

"ಯಾಕ?"

ಸುಳ್ಳು ಹೇಳುವ ಜಾಗ ಅದಾಗಿರಲಿಲ್ಲ. "ಪುಣ್ಯ ಪುಗಸಟ್ಟೆ ಸಿಕ್ತಲ್ಲಾ ಅಂತ" ಎಂದುಬಿಟ್ಟರು ಜಿನಗೊಂಡರು.

ಮಂಟಪ ಗೊಳ್ಳೆಂದಿತು. ಮಹಾರಾಜರೂ ನಕ್ಕರು, ಹತ್ತು ವರ್ಷದ ಹಿಂದೆ ನಕ್ಕ ಹಾಗೆಯೇ. ಆ ನಗುವಿನ ಅರ್ಥ ಜಿನಗೊಂಡರಿಗೆ ಈಗ ಸರಿಯಾಗಿ ತಿಳಿದು ಕಿವಿ ಬಿಸಿಯಾದವು. "ಉಣ್ಣದ್ದನ್ನ ಬಿಟ್ರ ಏನು ಬಿಟ್ಟಂಗಾತು?" ಎಂದರು ಮಹಾರಾಜರು. "ಅದನ್ನ ತಿರುಗಿ ತಗೊ. ಅದರ ಜಾಗಾದಾಗ ಖರೇನ ಪ್ರೀತಿದು ಒಂದು ಇಡು."

ಇಷ್ಟಾದರೂ ಜಿನಗೊಂಡರ ವ್ಯಾಪಾರಿ ಬುದ್ಧಿ ಸತ್ತಿರಲಿಲ್ಲ. ಒಂದು ಕ್ಷಣ ಯೋಚಿಸಿ, ಬಹಳ ದುಃಖದ ಮುಖ ಮಾಡಿ, "ಪೇಢೆ ಬಿಡ್ತೇನ್ರಿ ಮಹಾರಾಜ" ಎಂದರು.

"ಅದನ್ನ ಡಾಕ್ಟರು ಹೋದ ವರ್ಷನ ಬಿಡಿಸ್ಯಾರ್ರಿ" ಎಂದರು ಜಿನಮತಿ.

ಮಂಟಪದ ನಗು ನಿಲ್ಲುವವರೆಗೆ ಕಾದು ಮಹಾರಾಜರು ಜಿನಮತಿಯನ್ನೇ ಕೇಳಿದರು: "ನೀನ ಹೇಳವ್ವ. ಇವಗ ಎಲ್ಲಕ್ಕಿಂತ ಪ್ರೀತಿದು ಏನು?"

ಜಿನಮತಿಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. "ತಾಟಿಗೆ ಹೆಸರಿಡೂದ್ರಿ ಮಹಾರಾಜ. ಊಟಾ ಬಿಟ್ಟಾರು, ಅದನ್ನ ಬಿಡಾಂಗಿಲ್ಲ."

ಜಿನಗೊಂಡರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಎಣ್ಣೆಗಾಯಿ ಬಿಡು ಎಂದಿದ್ದರೆ ಬಿಡುತ್ತಿದ್ದರು, ಚಹಾ ಬಿಡು ಎಂದಿದ್ದರೂ ಬಿಡುತ್ತಿದ್ದರು. ಉಪ್ಪು ಕಡಿಮೆಯಾದದ್ದು ಗೊತ್ತಾಗಿಯೂ ಬಾಯಿ ಮುಚ್ಚಿಕೊಂಡು ಏಳುವುದೆಂದರೆ ಏನು ಬದುಕು! ಕಾಕಾಸಾಹೇಬರು ಅಂದು ಬದನೆಕಾಯಿ ಬಿಟ್ಟು ಬಂದು ಕೂತಾಗಿನ ಮುಖ ನೆನಪಾಗಿ, ಪಾಪ ಎನ್ನಿಸಿತು. ಆದರೆ ಎದುರಿಗೆ ದೀಪಾವಳಿ ಇತ್ತು, ಹಡಗು ಇತ್ತು. ಕಣ್ಣುಮುಚ್ಚಿ, ಇನ್ನು ಮೇಲೆ ಉಂಡದ್ದಕ್ಕೆ ಹೆಸರಿಡುವುದು ಜೀವಮಾನಕ್ಕೆ ತ್ಯಾಗ ಎಂದು ಹೇಳಿ ತಲೆಬಾಗಿದರು. ಈ ಸಲ ಯಾರೂ ಜಯಘೋಷ ಮಾಡಲಿಲ್ಲ. ಪಿಂಛಿ ತಲೆಯ ಮೇಲೆ ತುಸು ಹೊತ್ತು ಹೆಚ್ಚೇ ನಿಂತಿತು.

ಮಂಟಪದಲ್ಲೇ ಶ್ರಾವಕರಿಗೆ ಊಟವಿತ್ತು. ಜಿನಗೊಂಡರು, ಹಸಿವಿಲ್ಲ ಎಂದರು. ಆ ದಿನದ ಮೊದಲ ತುತ್ತು ಎಲ್ಲಿ ಉಣ್ಣಬೇಕೆಂದು ಅವರು ಆಗಲೇ ನಿಶ್ಚಯಿಸಿದ್ದರು. ಹೊತ್ತು ಮುಳುಗುವ ಮೊದಲು ಇಚಲಕರಂಜಿ ಮುಟ್ಟಬೇಕು, ಅಷ್ಟೆ. ಆದರೆ ಸಂಕೇಶ್ವರದ ಹತ್ತಿರ ರಸ್ತೆಯ ಮೇಲೆ ನೀರು, ಹೆದ್ದಾರಿಯ ಟೋಲ್ ನಾಕಾದಲ್ಲಿ ಗಾಡಿಗಳ ಸಾಲು, ಕಾಗಲ ದಾಟಿದ ಮೇಲೆ ಮುಂದೆ ಕಬ್ಬಿನ ಸಸಿ ಹೇರಿದ ಟ್ರ್ಯಾಕ್ಟರು. ಮೋಡ ಕವಿದು ಸೂರ್ಯ ಎಲ್ಲಿದ್ದಾನೆಂಬುದೇ ತಿಳಿಯದು. ಜಿನಗೊಂಡರು ಕಿಟಕಿಯಿಂದ ತಲೆ ಹೊರಗೆ ಹಾಕಿ ಆಕಾಶವನ್ನು ನೋಡುವುದು, ಟೋಪಿ ತೋಯಿಸಿಕೊಂಡು ಒಳಗೆ ಬರುವುದು. "ಸೂರ್ಯಾನ್ನ ಹಿಡದು ನಿಲ್ಲಸ್ತೀರೇನು? ಸುಮ್ನ ಕೂಡ್ರಿ" ಎಂದು ಜಿನಮತಿ ಗದರಿದರು.

ಊರು ಮುಟ್ಟಿದಾಗ ಪುಣ್ಯಕ್ಕೆ ಮೋಡ ಸರಿದು ಪಡುವಣದಲ್ಲಿ ಇನ್ನೂ ಬಿಸಿಲಿತ್ತು. ಹೋಟೆಲಿನಲ್ಲಿ ಒಬ್ಬ ಗಿರಾಕಿಯೂ ಇರಲಿಲ್ಲ. ಜಿನಗೊಂಡರು ರಸ್ತೆಗೆ ಕಾಣುವ ಕಿಟಕಿಯ ಮೇಜಿಗೇ ಹೋಗಿ ಕೂತು, ಕೈತೊಳೆದುಕೊಂಡು, ದೊಡ್ಡ ದನಿಯಲ್ಲಿ ಕೂಗಿದರು.

"ಮೃಣಾಲ! ತಾಟ ತಗೊಂಬಾ. ಹೊತ್ತು ಮುಳುಗಾಕತ್ತೇತಿ."

ಅಡುಗೆಮನೆಯ ಬಾಗಿಲಲ್ಲಿ ಮಗಳು ಗೊಂಬೆಯಂತೆ ನಿಂತಳು. ಜಿನಮತಿ ಹತ್ತಿರ ಹೋಗಿ ಗಡಹಿಂಗ್ಲಜದ ವೃತ್ತಾಂತವನ್ನೆಲ್ಲ ಹೇಳಿದರು. ಕೇಳುತ್ತ ಕೇಳುತ್ತ ಮೃಣಾಲ ಅಪ್ಪನನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿದಳು. ಒಳಗೆ ಹೋಗಿ ಉರಿ ಹಚ್ಚಿದಳು. ಬಾಣಲೆಯ ಸದ್ದು ಹೊರಗೆ ರಸ್ತೆಗೂ ಕೇಳಿತು. ಸುದ್ದಿ ಹೇಗೆ ಹಬ್ಬಿತೋ, ತಾಟು ಬರುವಷ್ಟರಲ್ಲಿ ಕಿಟಕಿಯ ಆಚೆ ಹತ್ತಾರು ಜನ. ರಾಜಮತಿಬಾಯಿ ಎಲ್ಲರಿಗಿಂತ ಮುಂದೆ.

"ಅಲ್ರಿ ಅಣ್ಣಾ, ಇದೇನಿದು! ನಿಮ್ಮನ್ನ ನೋಡಿ ತ್ಯಾಗಾ ಮಾಡಿದ ನಮ್ಮ ಗತಿ ಏನು?"

"ಗಡಹಿಂಗ್ಲಜಕ್ಕ ಹೋಗಿ ಬರ್ರಿ" ಎಂದರು ಜಿನಗೊಂಡರು. "ಖರೇ ಹೇಳಿದ್ರ ಬಿಡಸ್ತಾರ. ನಗ್ತಾರ, ಅಷ್ಟು ತಡಕೋರಿ."

ಮೃಣಾಲ ತಾಟು ತಂದಿಟ್ಟು ಎದುರಿಗೇ ನಿಂತಳು. ಜಿನಗೊಂಡರು ಮೊದಲನೆಯ ತುತ್ತು ಬಾಯಿಗೆ ಹಾಕಿಕೊಂಡರು. ಅನ್ನ ಒಂದೊಂದು ಅಗುಳಾಗಿ ಬಿಡಿಬಿಡಿಯಾಗಿತ್ತು, ಹೊಗೆಯ ಕಂಪಿತ್ತು, ಪನೀರು ಹೊರಗೆ ಗರಿ ಒಳಗೆ ಬೆಣ್ಣೆ. ಮತ್ತು ಹುಣಸೆಹಣ್ಣು ಒಂದು ಕೂದಲೆಳೆಯಷ್ಟು ಮುಂದಾಗಿತ್ತು. ಅರವತ್ತು ವರ್ಷದ ನಾಲಿಗೆ ಅದನ್ನು ತಕ್ಷಣ ಹಿಡಿಯಿತು. ಮಾತು ಹಲ್ಲಿನವರೆಗೆ ಬಂದು ನಿಂತಿತು. ಜಿನಗೊಂಡರು ಅದನ್ನು ತುತ್ತಿನ ಜೊತೆ ನುಂಗಿಬಿಟ್ಟರು. ಎರಡನೆಯ ತುತ್ತು ಉಂಡರು, ಮೂರನೆಯದನ್ನೂ ಉಂಡರು. ಈ ರುಚಿಯನ್ನು ಇಷ್ಟು ದಿನ ಬಾಗಿಲಲ್ಲಿ ನಿಂತು ಬರೀ ಮೂಸಿದೆನಲ್ಲ ಎಂದು ಅವರಿಗೆ ನಿಜವಾಗಿಯೂ ಹೊಟ್ಟೆ ಉರಿಯಿತು. ಅರ್ಧ ತಾಟು ಮುಗಿದ ಮೇಲೆ ತಲೆಯೆತ್ತಿದರು.

"ಛಲೋ ಆಗೇತಿ" ಎಂದರು.

ಮೃಣಾಲಳ ಮುಖ ಅರಳಲಿಲ್ಲ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು.

"ಇಷ್ಟು ವರ್ಷಾ ಆದಮ್ಯಾಲೆ ಅಂದ್ರಿ ಅಪ್ಪಾ" ಎಂದಳು. "ಆದ್ರ ಇವತ್ತ ನೀವು ಅದನ್ನ ಅನ್ನಾಕ ಬೇಕಲ್ಲ. ನೇಮ ಹಿಡದು ಬಂದೀರಿ. ಮಣ್ಣು ಬಡಿಸಿದ್ರೂ ಛಲೋ ಅಂತೀರಿ. ಇದನ್ನ ಹೆಂಗ ನಂಬ್ಲಿ?"

ಜಿನಗೊಂಡರು ಕೈಯಲ್ಲಿನ ತುತ್ತನ್ನು ತಾಟಿಗೆ ಇಳಿಸಿದರು. ಪುಗಸಟ್ಟೆ ಪುಣ್ಯಕ್ಕೆ ಹೋದದ್ದಕ್ಕೆ ಸರಿಯಾದ ಶಿಕ್ಷೆ ಎಂದರೆ ಇದೇ. ಬದುಕಿನಲ್ಲಿ ಒಮ್ಮೆ ಹೊಗಳಬೇಕೆನ್ನಿಸಿದ ದಿನವೇ ಅವರ ಹೊಗಳಿಕೆಗೆ ಬೆಲೆ ಹೋಗಿತ್ತು. ಕಿಟಕಿಯ ಆಚೆ ಜನ ನಿಂತಿದ್ದರು, ಪಡುವಣದಲ್ಲಿ ಬಿಸಿಲು ಕೆಂಪಾಗುತ್ತಿತ್ತು, ಅವರಿಗೆ ಯಾವ ಉಪಾಯವೂ ಹೊಳೆಯಲಿಲ್ಲ. ಉಪಾಯ ಹೊಳೆಯದಿದ್ದುದಕ್ಕೇ ಇರಬೇಕು, ಬಾಯಿಗೆ ನಿಜ ಬಂತು.

"ನೇಮ ಇರೂದು ಹೆಸರಿಡಬಾರದು ಅಂತ, ಮಗಳ" ಎಂದರು ಮೆಲ್ಲಗೆ. "ಹೊಗಳಬೇಕು ಅಂತ ಮಹಾರಾಜರು ಹೇಳಿಲ್ಲ. ನಾ ಸುಮ್ನ ಉಂಡು ಸುಮ್ನ ಏಳಬಹುದಿತ್ತು. ದಿನಾ ಎದ್ದಂಗ."

ಮೃಣಾಲ ಕೈ ಚಾಚಿ ಅಪ್ಪನ ತಾಟಿನಿಂದಲೇ ಒಂದು ತುಣುಕು ಪನೀರು ತೆಗೆದು ಬಾಯಿಗೆ ಹಾಕಿಕೊಂಡು, ಕಣ್ಣು ಕಿರಿದು ಮಾಡಿ ಅಗಿದಳು.

"ಹುಳಿ ಮುಂದಾಗೇತಿ" ಎಂದಳು.

ಜಿನಗೊಂಡರು ಬಾಯಿ ತೆರೆದರು. ಜಿನಮತಿ ಕಣ್ಣು ಬಿಟ್ಟು ನೋಡಿದರು. ಜಿನಗೊಂಡರು ಬಾಯಿ ಮುಚ್ಚಿ, ತಲೆ ಬಗ್ಗಿಸಿ, ಬಿಟ್ಟ ತುತ್ತನ್ನು ಮತ್ತೆ ಎತ್ತಿಕೊಂಡರು. ಆದರೆ ಅವರ ಕಿವಿ ಕೆಂಪಾದದ್ದನ್ನು ಮಗಳು ನೋಡಿದಳು. ಹುಳಿ ಮೊದಲ ತುತ್ತಿಗೇ ಅವರಿಗೆ ಗೊತ್ತಾಗಿತ್ತು, ಗೊತ್ತಿದ್ದೂ ಛಲೋ ಅಂದಿದ್ದರು. ಅಕ್ಷಯ ತೃತೀಯಾದ ನಂತರ ಮೊದಲ ಸಲ ಆಕೆ ನಕ್ಕಳು, ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು.

"ಲಗೂನ ಉಣ್ರಿ ಅಪ್ಪಾ, ಹೊತ್ತು ಮುಳುಗತೈತಿ" ಎಂದು ಎದ್ದಳು. "ನಾಳೆ ಹುಳಿ ಕಡಿಮಿ ಹಾಕ್ತೇನಿ. ನಾಳೆನೂ ಬರ್ರಿ. ದೀಪಾವಳಿ ಆದಮ್ಯಾಲೂ ಬರ್ರಿ."